ಬಂಡಿಯ ಮೇಲೆ ಬಂಡಿ

'ಬಂಡಿಯ ಮೇಲೆ ದೋಣಿ, ದೋಣಿಯ ಮೇಲೆ ಬಂಡಿ' ಎಂಬ ಗಾದೆಯನ್ನು ನಾವೆಲ್ಲರೂ ಬಾಲ್ಯದಿಂದ ಕೇಳುತ್ತ ಬಂದವರೇ. ಇಂದು ಹೊತ್ತು ನಡೆದದ್ದು ನಾಳೆ ಹೊರಿಸಿಕೊಂಡು ನಡೆದೀತು ಎಂಬ ಲೋಕನೀತಿ ಅದರಲ್ಲಿದೆ. ಆದರೆ ಬಂಡಿಯ ಮೇಲೆ ಬಂಡಿಯೇ ಏರಬೇಕಾಗಿ ಬಂದಾಗ ಏನೇನು ಸಂಕಟಗಳು ಒದಗುತ್ತವೆ ಎಂಬುದನ್ನು ಗಾದೆ ಕಟ್ಟಿದ ಹಿರಿಯರು ಹೇಳಿಹೋಗಿಲ್ಲ. ಅಂಥ ಪ್ರಸಂಗ ಅವರಿಗೆ ಒದಗಿರಲಾರದು. ನನಗೆ ಒದಗಿತು, ಅದೂ ಮೂವತ್ತು ವರ್ಷ ಹೈಸ್ಕೂಲಿನ ಮಕ್ಕಳಿಗೆ ಇಳಿಜಾರು ತಲದ ಪಾಠ ಹೇಳಿ, ನಿವೃತ್ತನಾಗಿ, ಇನ್ನು ಪರೀಕ್ಷೆಗಳ ಕಾಟ ಮುಗಿಯಿತೆಂದು ನೆಮ್ಮದಿಯಿಂದ ಕುಳಿತಿದ್ದ ಕಾಲದಲ್ಲಿ.

ನನ್ನ ತಂಗಿಯ ಮಗ ಕೆಲಸದ ನಿಮಿತ್ತ ಐದು ತಿಂಗಳು ಪರದೇಶಕ್ಕೆ ಹೊರಟಾಗ, ತನ್ನ ಕಾರನ್ನು ಮಲ್ಲೇಶ್ವರದ ನಮ್ಮ ಮನೆಯ ಅಂಗಳದಲ್ಲಿ ನಿಲ್ಲಿಸಿಹೋದ. ಅದು ಎಲ್ಲರ ಮನೆಯಲ್ಲಿರುವಂಥ ಕಾರಲ್ಲ, ಓಟದ ಕಾರು. ಎರಡೇ ಆಸನ, ಕೆಂಪು ಬಣ್ಣ, ನೆಲಕ್ಕೆ ಅಂಟಿಕೊಂಡಂತಿರುವ ಮೈ. ತಯಾರಿಸಿದವರ ಹೆಸರು ಇಲ್ಲಿ ಬೇಡ. ಅದರೊಳಗೆ ಕುಳಿತುಕೊಳ್ಳುವುದೆಂದರೆ ಬಾವಿಗೆ ಇಳಿದಂತೆ. ಎದ್ದು ಬರುವುದಕ್ಕೆ ನನ್ನ ವಯಸ್ಸಿನವರಿಗೆ ಇಬ್ಬರ ಸಹಾಯ ಬೇಕು. ನನ್ನಾಕೆ ಅದನ್ನು ಒಂದು ಸುತ್ತು ಬಂದು ನೋಡಿ, "ಇಷ್ಟು ಹಣ ಕೊಟ್ಟು ನೆಲದ ಮೇಲೆ ಕೂರುವುದಾದರೆ ಚಾಪೆ ಸಾಲದಾಗಿತ್ತೇ?" ಎಂದು ಕೇಳಿದಳು.

ಆ ತಗ್ಗಿಗೂ ಕಾರಣವಿದೆ. ತಿರುವಿನಲ್ಲಿ ವೇಗವಾಗಿ ಹೋಗುವ ವಾಹನದ ಭಾರಕೇಂದ್ರ ಎಷ್ಟು ಕೆಳಗಿದ್ದರೆ ಅಷ್ಟು ಕ್ಷೇಮ. ಮೂತಿ ನೆಲಕ್ಕೆ ಸಮೀಪವಿದ್ದರೆ ಗಾಳಿ ಅಡಿಯಲ್ಲಿ ನುಗ್ಗಿ ಮೈಯನ್ನು ಎತ್ತಲಾರದು. ಆದರೆ ಈ ಶಾಸ್ತ್ರವೆಲ್ಲ ಕನ್ನಡಿಯಂಥ ರಸ್ತೆಗಳಿಗೆ ಸರಿ. ನಮ್ಮ ಬೆಂಗಳೂರಿನಲ್ಲಿ ಹೆಜ್ಜೆಗೊಂದು ಹಂಪು, ಮಾರಿಗೊಂದು ಗುಂಡಿ. ಅಳಿಯ ಮಹಾಶಯ ಪ್ರತಿಯೊಂದು ಹಂಪನ್ನೂ ಓರೆಯಾಗಿ, ಉಸಿರು ಬಿಗಿಹಿಡಿದು, ಬಸುರಿಯನ್ನು ನಡೆಸುವಂತೆ ದಾಟಿಸುತ್ತಿದ್ದುದನ್ನು ನಾನೇ ಕಂಡಿದ್ದೇನೆ.

ನಾಲ್ಕನೆಯ ತಿಂಗಳ ಒಂದು ಬೆಳಗ್ಗೆ ಕಾರಿನ ಅಡಿಯಲ್ಲಿ ನಸುಗೆಂಪು ಬಣ್ಣದ ನೀರು ಮಡುಗಟ್ಟಿ ನಿಂತಿತ್ತು. ಫೋಟೋ ತೆಗೆದು ಅಳಿಯನಿಗೆ ಕಳಿಸಿದೆ. ಎಂಜಿನ್ನನ್ನು ತಂಪಾಗಿಡುವ ದ್ರವ ಸೋರಿದೆಯೆಂದು ತಿಳಿದ ಅವನು ಗಾಬರಿಯಿಂದ ಫೋನು ಮಾಡಿದ. "ಮಾವ, ದಯವಿಟ್ಟು ಚಾಲೂ ಮಾಡಲು ಹೋಗಬೇಡಿ, ಎಂಜಿನ್ ಸುಟ್ಟುಹೋಗುತ್ತದೆ. ಎಳೆದುಕೊಂಡು ಹೋಗುವುದಕ್ಕೂ ಬಿಡಬೇಡಿ. ಲಾರಿಯ ಮೇಲೆ ಹೇರಿಸಿ ವರ್ಕ್‌ಶಾಪಿಗೆ ಕಳಿಸಿ. ಮೂತಿಗೆ ಒಂದು ಗೀರೂ ಬೀಳದ ಹಾಗೆ ನೀವೇ ಮುಂದೆ ನಿಂತು ನೋಡಿಕೊಳ್ಳಬೇಕು." ನಾನು ಮಾತು ಕೊಟ್ಟೆ. ಪರರ ಒಡವೆಯನ್ನು ಮನೆಯಲ್ಲಿಟ್ಟುಕೊಂಡವನಿಗೆ ನಿದ್ರೆ ಎಲ್ಲಿಯದು?

ಮೊದಲ ದಿನ ಬಂದದ್ದು ಕೊಕ್ಕೆಯ ಲಾರಿ. ಮುಂದಿನ ಎರಡು ಚಕ್ರಗಳನ್ನು ಮೇಲೆತ್ತಿ, ಹಿಂದಿನ ಎರಡನ್ನು ರಸ್ತೆಯ ಮೇಲೆ ಉರುಳಿಸಿಕೊಂಡು ಹೋಗುವ ಜಾತಿಯದು. ಈ ಕಾರಿಗೆ ಎಂಜಿನ್ನಿನ ಬಲ ಸೇರುವುದು ಹಿಂದಿನ ಚಕ್ರಗಳಿಗೆ. ಎಂಜಿನ್ ನಿಂತಿರುವಾಗ ಆ ಚಕ್ರಗಳನ್ನು ಹಾಗೆ ಉರುಳಿಸಿದರೆ ಗೇರುಪೆಟ್ಟಿಗೆಗೆ ಅಪಾಯ. ಮೂತಿಯನ್ನು ಎತ್ತಿದಷ್ಟೂ ಹಿಂಭಾಗ ನೆಲಕ್ಕೆ ಉಜ್ಜುವ ಭಯ ಬೇರೆ. ಬಂದವನಿಗೆ ಅರ್ಧ ಬಾಡಿಗೆ ಕೊಟ್ಟು ಕೈಮುಗಿದು ಕಳಿಸಿದೆ.

ಮರುದಿನ ಬಂದದ್ದು ಮೇಲ್ಮೈ ಪೂರ್ತಿ ಚಪ್ಪಟೆಯಾಗಿರುವ ಲಾರಿ. ಅದರ ಉಕ್ಕಿನ ಹಾಸು ಹಿಂದಕ್ಕೆ ಜಾರಿ, ಓರೆಯಾಗಿ ಇಳಿದು, ತುದಿಯಿಂದ ನೆಲವನ್ನು ಮುಟ್ಟುತ್ತದೆ. ಕಾರನ್ನು ಅದರ ಮೇಲೆ ಎಳೆದುಕೊಂಡ ಬಳಿಕ ಹಾಸು ಮತ್ತೆ ಮಟ್ಟವಾಗಿ ತನ್ನ ಸ್ಥಾನಕ್ಕೆ ಸರಿಯುತ್ತದೆ. ಲಾರಿಯ ಯಜಮಾನ ನಲವತ್ತೈದರ ಆಸುಪಾಸಿನ ಮಿತಭಾಷಿ; ಜೊತೆಗೆ ಇಪ್ಪತ್ತರ ಒಬ್ಬ ಹುಡುಗ. ಬಂದವನೇ ಕೆಲಸಕ್ಕೆ ಕೈಹಾಕುವನೆಂದು ನಾನು ಎಣಿಸಿದ್ದೆ. ಅವನು ಕಾರನ್ನು ಮುಟ್ಟಲಿಲ್ಲ. ನಮ್ಮ ಅಂಗಳದಲ್ಲಿ ಅಂಗಾತ ಮಲಗಿ ಅಡಿಯನ್ನೆಲ್ಲ ಇಣುಕಿ ನೋಡಿದ. ಮೂತಿಗೂ ನೆಲಕ್ಕೂ ನಡುವೆ ಕೈಯಿಟ್ಟು, "ಅರ್ಧ ಗೇಣು" ಎಂದ. ಅನಂತರ ಬೀದಿಯ ಉದ್ದಕ್ಕೂ ಒಮ್ಮೆ ನಡೆದು ಬಂದ. ಬಾಡಿಗೆಯನ್ನು ಗಂಟೆಯ ಲೆಕ್ಕದಲ್ಲಿ ಕೇಳುತ್ತಾನೋ ಏನೋ ಎಂದು ನಾನು ಮನಸ್ಸಿನಲ್ಲೇ ಅನುಮಾನಿಸಿದೆ.

ಮೊದಲ ತೊಡಕು ಬ್ಯಾಟರಿಯದು. ತಿಂಗಳುಗಟ್ಟಲೆ ನಿಂತು ಅದು ಪೂರ್ತಿ ಸತ್ತಿತ್ತು. ವಿದ್ಯುತ್ತಿಲ್ಲದೆ ಗೇರನ್ನು ನ್ಯೂಟ್ರಲಿಗೆ ತರುವಂತಿಲ್ಲ, ಬ್ರೇಕನ್ನು ಸಡಿಲಿಸುವಂತಿಲ್ಲ. ಬ್ಯಾಟರಿ ಇರುವುದು ಮುಂದಿನ ಮುಚ್ಚಳದ ಕೆಳಗೆ. ಆ ಮುಚ್ಚಳ ತೆರೆಯುವುದು ವಿದ್ಯುತ್ತಿನಿಂದ! 'ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು' ಎಂಬ ಸ್ಥಿತಿ. ನಾನು ಕೈಪಿಡಿ ಹಿಡಿದು ಪುಟ ತಿರುವುವಷ್ಟರಲ್ಲಿ ಆತ ಬಾಗಿಲಿನ ಬಳಿ, ಕಾಲಿಡುವ ಜಾಗದ ಪಕ್ಕದಲ್ಲಿದ್ದ ಫ್ಯೂಸುಗಳ ಪೆಟ್ಟಿಗೆಯಿಂದ ಒಂದು ಕಡ್ಡಿಯನ್ನು ಹೊರಗೆಳೆದು, ತನ್ನ ಚಿಕ್ಕ ಬ್ಯಾಟರಿಯಿಂದ ವಿದ್ಯುತ್ತು ಕೊಟ್ಟ. ಮುಚ್ಚಳ 'ಟಕ್' ಎಂದು ತೆರೆದುಕೊಂಡಿತು. ಆ ಬಳಿಕ ಒಳಗಿನ ಬ್ಯಾಟರಿಗೆ ಜೀವ ಕೊಟ್ಟು, ಎಂಜಿನ್ನನ್ನು ಚಾಲೂ ಮಾಡದೆಯೇ ಗೇರನ್ನೂ ಬ್ರೇಕನ್ನೂ ಬಿಡಿಸಿಕೊಂಡ.

ಎಳೆಯುವ ಹಗ್ಗಕ್ಕೆ ಒಂದು ಕಣ್ಣು ಬೇಕು. ಅದು ಕಾರಿನ ಉಪಕರಣಗಳ ಜೊತೆಗೇ ಇರುವ ಗುಂಡು ಬಳೆಯಂಥ ತಿರುಪು. ಬಂಪರಿನಲ್ಲಿರುವ ಪುಟ್ಟ ಮುಚ್ಚಳ ತೆಗೆದು ಅಲ್ಲಿ ಬಿಗಿಯಬೇಕು. ಅಷ್ಟಾದರೂ ನನ್ನಿಂದಾಗಲೆಂದು ನಾನು ಮುಂದೆ ಬಂದೆ. ಎಷ್ಟು ತಿರುಗಿಸಿದರೂ ಅದು ಹಿಡಿಯಲೊಲ್ಲದು. "ಸಾರ್, ಅದು ಎಡಗಡೆಗೆ" ಎಂದ ಹುಡುಗ. ಕೆಲವು ಕಾರುಗಳಲ್ಲಿ ಈ ತಿರುಪು ಲೋಕರೂಢಿಗೆ ವಿರುದ್ಧವಾಗಿ ಎಡಕ್ಕೆ ತಿರುಗಿ ಬಿಗಿಯುತ್ತದೆಯಂತೆ. ಅರ್ಧ ಬಿಗಿದು ಬಿಟ್ಟರೆ ಎಳೆಯುವಾಗ ಕಿತ್ತು ಬರುವುದರಿಂದ ಕೊನೆಯ ಸುತ್ತಿನವರೆಗೂ ಬಿಗಿಯಬೇಕು. ಮೂವತ್ತು ವರ್ಷದ ಮೇಷ್ಟ್ರು ಇಪ್ಪತ್ತು ವರ್ಷದ ಹುಡುಗನಿಂದ ಮೊದಲ ಪಾಠ ಕಲಿತ.

ಅಕ್ಕಪಕ್ಕದವರ ನೆರವಿನಿಂದ ಕಾರನ್ನು ಮೆಲ್ಲನೆ ಬೀದಿಗೆ ತಳ್ಳಿ ತಂದೆವು. ನಮ್ಮ ಬೀದಿ ಮನೆಯ ಮುಂದೆ ಮಟ್ಟವಾಗಿದ್ದು, ಸ್ವಲ್ಪ ಆಚೆಗೆ ನಸು ಇಳಿಜಾರಾಗುತ್ತದೆ. ಆತ ಕಾರನ್ನು ಮಟ್ಟದ ನೆಲದಲ್ಲಿ ನಿಲ್ಲಿಸಿ, ಲಾರಿಯನ್ನು ಅದರ ಮುಂದೆ, ಮೂತಿ ಇಳಿಜಾರಿನ ಕಡೆಗಿರುವಂತೆ ತಂದು ನಿಲ್ಲಿಸಿದ. ಬ್ರೇಕು ಹಾಕಿ, ಲಾರಿಯ ಚಕ್ರಗಳಿಗೆ ಮರದ ತುಂಡುಗಳನ್ನು ಒತ್ತು ಕೊಟ್ಟ. ಬೀದಿಯಲ್ಲಿ ಅಡ್ಡಾಡಿದ್ದು ಏಕೆಂಬುದು ನನಗೆ ಆಗ ಹೊಳೆಯಿತು. ಅನುಮಾನಿಸಿದ್ದಕ್ಕೆ ನಾಚಿಕೆಯೂ ಆಯಿತು.

ಇಲ್ಲಿ ಸ್ವಲ್ಪ ಲೆಕ್ಕ ಹೇಳಲು ಓದುಗರು ಅಪ್ಪಣೆ ಕೊಡಬೇಕು, ಹಳೆಯ ಚಾಳಿ. ಲಾರಿಯ ಹಾಸು ನೆಲದಿಂದ 1 ಮೀಟರು ಎತ್ತರ, ಉದ್ದ 6 ಮೀಟರು ಎಂದಿಟ್ಟುಕೊಳ್ಳಿ. ಅದು ಓರೆಯಾಗಿ ಇಳಿದಾಗ ಹತ್ತಿರಹತ್ತಿರ 10 ಡಿಗ್ರಿಯ ಇಳಿಜಾರು. ಕಾರಿನ ಮುಂದಿನ ಚಕ್ರ ನೆಲವನ್ನು ಮುಟ್ಟುವ ಜಾಗದಿಂದ ಮೂತಿಯ ತುದಿಗೆ ಸುಮಾರು 80 ಸೆಂಟಿಮೀಟರು. ಅಷ್ಟು ದೂರಕ್ಕೆ ಹಾಸು 14 ಸೆಂಟಿಮೀಟರಿನಷ್ಟು ಏರುತ್ತದೆ. ಮೂತಿ ಇರುವುದು 11 ಸೆಂಟಿಮೀಟರು ಎತ್ತರದಲ್ಲಿ. ಅಂದರೆ ಚಕ್ರ ಹಾಸನ್ನು ಏರುವ ಮೊದಲೇ ಮೂತಿ ಹೋಗಿ ಗುದ್ದುತ್ತದೆ. ಲಾರಿ ಇಳಿಜಾರಿನ ಕಡೆ ತಲೆ ಬಾಗಿಸಿ ನಿಂತಾಗ ಬೀದಿಯ 2 ಡಿಗ್ರಿ ಇದರಲ್ಲಿ ಕಳೆದು, 8 ಉಳಿಯುತ್ತದೆ. ಆಗಲೂ ಏರಿಕೆ 11 ಸೆಂಟಿಮೀಟರು, ಕೂದಲೆಳೆಯ ಅಂತರ.

ಉಳಿದದ್ದನ್ನು ಎರಡು ಹಲಗೆಗಳು ತೀರಿಸಿದವು. ಚಕ್ರಗಳ ಹಾದಿಯಲ್ಲಿ, ಒಂದು ತುದಿ ನೆಲದ ಮೇಲೆ, ಇನ್ನೊಂದು ತುದಿ ಹಾಸಿನ ಮೇಲೆ ಇರುವಂತೆ ಆತ ಎರಡು ದಪ್ಪ ಹಲಗೆಗಳನ್ನಿಟ್ಟು, ಅವು ಜಾರದಂತೆ ಭದ್ರಪಡಿಸಿದ. ಒಂದೇ ಏಟಿಗೆ 8 ಡಿಗ್ರಿ ಏರಬೇಕಾಗಿದ್ದ ಕಾರು ಈಗ ಮೊದಲು 4 ಡಿಗ್ರಿ ಹಲಗೆಯ ಮೇಲೆ, ಆಮೇಲೆ ಇನ್ನು 4 ಡಿಗ್ರಿ ಹಾಸಿನ ಮೇಲೆ ಏರಿದರೆ ಸಾಕು. ಒಂದೊಂದು ಸಲಕ್ಕೆ ಮೂತಿಗೆ ಬೇಕಾಗುವ ಎಡೆ 6 ಸೆಂಟಿಮೀಟರಿಗಿಂತ ಕಡಿಮೆ. ದೊಡ್ಡ ಕಷ್ಟವನ್ನು ಎರಡು ಸಣ್ಣ ಕಷ್ಟಗಳಾಗಿ ಹಂಚಿ ದಾಟುವ ಈ ಉಪಾಯವನ್ನು ಕಂಡು ನನಗೆ ತರಗತಿಯಲ್ಲಿ ಒಳ್ಳೆಯ ಉತ್ತರ ಕೇಳಿದಷ್ಟು ಸಂತೋಷವಾಯಿತು. ನಾನು ಈ ಲೆಕ್ಕವನ್ನು ಬಾಯಿಬಿಟ್ಟು ಹೇಳಿದೆ. ಆತ ನಕ್ಕು, "ಸರಿ ಇರಬಹುದು ಸಾರ್. ನಾವು ಹಲಗೆ ಇಟ್ಟು ನೋಡುತ್ತೇವೆ, ಅಷ್ಟೇ" ಎಂದ.

ಹಗ್ಗವನ್ನು ಕಣ್ಣಿಗೆ ಸಿಕ್ಕಿಸಿ, ಅದರ ಮೇಲೆ ಒಂದು ದಪ್ಪ ಗೋಣಿಯನ್ನು ಹೊದಿಸಿದ. ಹರಿದರೆ ಚಾವಟಿಯಂತೆ ಹಾರದಿರಲೆಂದು. ಕಾರಿನೊಳಗೆ ಯಾರೂ ಕೂರಬಾರದು, ಹಗ್ಗದ ನೇರದಲ್ಲಿ ಯಾರೂ ನಿಲ್ಲಬಾರದು, ಕಾರಿನ ಹಿಂದೆ ಯಾರೂ ಹೋಗಬಾರದು ಎಂದು ಎಲ್ಲರಿಗೂ ಕೇಳುವಂತೆ ಒಮ್ಮೆ ಹೇಳಿದ. ನಾವೆಲ್ಲ ತಲೆಯಾಡಿಸಿದೆವು. ಆತ ಲಾರಿಯ ಪಕ್ಕದಲ್ಲಿದ್ದ ಹಿಡಿಯನ್ನು ಒತ್ತಿದ. ವಿಂಚು ಮೆಲ್ಲನೆ ತಿರುಗಿತು. ಹುಡುಗ ಪಕ್ಕಕ್ಕೆ ನಿಂತು ಕಾರಿನ ಹಿಂಭಾಗದ ಹೊಗೆಕೊಳವೆಯ ಮೇಲೆ ಕಣ್ಣಿಟ್ಟಿದ್ದ. ಮುಂಭಾಗ ಏರಿದಂತೆ ಹಿಂಭಾಗ ತಗ್ಗುತ್ತದಲ್ಲ! ಮೂತಿಯನ್ನು ಕಾಯುವ ಹೊಣೆ ನನ್ನದೆಂದು ನಾನೇ ವಹಿಸಿಕೊಂಡು, ಹಲಗೆಯ ಪಕ್ಕದಲ್ಲಿ ಮಂಡಿಯೂರಿ, ಕೆನ್ನೆಯನ್ನು ನೆಲಕ್ಕೆ ತಾಗಿಸಿ ನೋಡುತ್ತಿದ್ದೆ. ಚಕ್ರ ಹಲಗೆಯನ್ನು ಏರಿತು. ಮೂತಿಗೂ ಹಾಸಿಗೂ ನಡುವೆ ಎರಡು ಬೆರಳು ಎಡೆ. ನಾಲ್ಕು ಬೆರಳು. ಗೆದ್ದೆನೆಂದುಕೊಂಡೆ.

ಆಗ ವಿಂಚು ಥಟ್ಟನೆ ನಿಂತಿತು.

ತಲೆಯೆತ್ತಿ ನೋಡಿದೆ. ಆತ ಹಿಡಿಯಿಂದ ಕೈ ತೆಗೆದು ಹುಡುಗನಿಗೆ ಸನ್ನೆ ಮಾಡಿದ. ಹುಡುಗ ಪಕ್ಕದಿಂದಲೇ ಬಾಗಿ ಹಿಂದಿನ ಚಕ್ರಕ್ಕೆ ಮರದ ತುಂಡನ್ನು ತಳ್ಳಿದ. ಆತ ಓಡಲಿಲ್ಲ, ಕೂಗಲಿಲ್ಲ; ದಾಪುಗಾಲಿನಲ್ಲಿ ಕಾರಿನ ಹಿಂದಕ್ಕೆ ಹೋಗಿ, ನನ್ನ ಮೊಮ್ಮಗನ ಕೈಹಿಡಿದುಕೊಂಡು ಹೊರಬಂದ.

ರಜೆಗೆಂದು ನಮ್ಮಲ್ಲಿಗೆ ಬಂದಿದ್ದ ಎಂಟು ವರ್ಷದ ಹುಡುಗ ಅವನು. ಎಲ್ಲರೂ ಕಾರನ್ನು ಬೀದಿಗೆ ತಳ್ಳುವಾಗ ತಾನೂ ತಳ್ಳಿದ್ದ. 'ಭೇಷ್' ಎಂದು ಬೆನ್ನು ತಟ್ಟಿದ್ದೆವು. ಈಗ ಕಾರು ಕಷ್ಟಪಟ್ಟು ಏರುತ್ತಿದೆಯೆಂದು, ಸಹಾಯ ಮಾಡುವ ಸಲುವಾಗಿ ಹಿಂದೆ ಹೋಗಿ ಎರಡೂ ಕೈಯಿಂದ ತಳ್ಳುತ್ತ ನಿಂತಿದ್ದಾನೆ. ಅವನು ಗಿಡ್ಡ, ಕಾರು ಇನ್ನೂ ಗಿಡ್ಡ. ಆದರೂ ಮುಂದಿನಿಂದ ನೋಡುವವರಿಗೆ, ಏರಿ ನಿಂತ ಮೈಯ ಹಿಂದೆ ಅವನು ಕಾಣುತ್ತಿರಲಿಲ್ಲ. ಲಾರಿಯವನಿಗೆ ಕಂಡದ್ದು ಕಾರಿನ ಕೆಳಗಿನಿಂದ ಎರಡು ಸಣ್ಣ ಚಪ್ಪಲಿ. ಅಲ್ಲೇ ನೆಲಕ್ಕೆ ಕೆನ್ನೆಯಿಟ್ಟಿದ್ದ ನನಗೂ ಅವು ಕಾಣಬೇಕಾಗಿತ್ತು. ನಾನು ನೋಡುತ್ತಿದ್ದದ್ದು ಮೂತಿಯನ್ನು.

ಆತ ಮಗುವನ್ನು ನಮ್ಮ ಜಗಲಿಯ ಮೇಲೆ ಕೂರಿಸಿ, "ಇಲ್ಲಿಂದ ಚೆನ್ನಾಗಿ ಕಾಣುತ್ತದೆ ಮರಿ, ಇಲ್ಲೇ ಕೂತು ನೋಡು" ಎಂದ. ಆಮೇಲೆ ನನ್ನ ಬಳಿಗೆ ಬಂದು ತಗ್ಗಿದ ದನಿಯಲ್ಲಿ, "ಸಾರ್, ಮೂತಿ ಗೀರಿದರೆ ಬಣ್ಣ ಹಚ್ಚುತ್ತಾರೆ. ಹಗ್ಗ ಹರಿದರೆ ಆ ಕಾರು ಎಲ್ಲಿ ಹೋಗಿ ನಿಲ್ಲುತ್ತದೆ, ನೀವೇ ಲೆಕ್ಕ ಹಾಕಿ" ಎಂದ.

ನನಗೆ ಉತ್ತರ ಹೊರಡಲಿಲ್ಲ. ಮುಂದಿನದನ್ನು ಜಗಲಿಯ ಮೇಲೆ ಮೊಮ್ಮಗನ ಕೈಹಿಡಿದು ಕುಳಿತು ನೋಡಿದೆ. ಕಾರು ಹಾಸಿನ ಮೇಲೇರಿತು. ಹಾಸು ಮಟ್ಟವಾಗಿ ತನ್ನ ಜಾಗಕ್ಕೆ ಸರಿಯಿತು. ಬ್ರೇಕು ಹಾಕಿ, ಚಕ್ರಗಳಿಗೆ ಒತ್ತು ಕೊಟ್ಟರು. ನಾಲ್ಕೂ ಟಯರುಗಳ ಮೇಲೆ ಅಗಲವಾದ ಪಟ್ಟಿಗಳನ್ನು ಹಾಯಿಸಿ ಬಿಗಿದರು. ಮೈಗೆ ಕಟ್ಟದೆ ಚಕ್ರಕ್ಕೇಕೆ ಕಟ್ಟುವುದೆಂದು ಮೊಮ್ಮಗ ಕೇಳಿದ. ದಾರಿಯಲ್ಲಿ ಕುಲುಕಾಡುವಾಗ ಕಾರಿನ ಮೈ ತನ್ನ ಸ್ಪ್ರಿಂಗುಗಳ ಮೇಲೆ ಏರಿ ಇಳಿಯುತ್ತದೆ. ಮೈಗೆ ಕಟ್ಟಿದ ಪಟ್ಟಿ ಪ್ರತಿ ಕುಲುಕಿಗೂ ಸಡಿಲವಾಗುತ್ತದೆ, ಚಕ್ರಕ್ಕೆ ಕಟ್ಟಿದ್ದು ಹಿಡಿದೇ ಇರುತ್ತದೆ ಎಂದು ಹುಡುಗ ವಿವರಿಸಿದ. ಎಳೆಯುವ ಹಗ್ಗವನ್ನೇ ನೆಚ್ಚಿ ಕಾರನ್ನು ಸಾಗಿಸುವವರೂ ಇದ್ದಾರೆ, ಹಾಗೆ ಮಾಡಬಾರದು. ಎಳೆಯುವುದಕ್ಕೆ ಹಗ್ಗ, ಹಿಡಿಯುವುದಕ್ಕೆ ಪಟ್ಟಿ ಎಂದೂ ಹೇಳಿದ. ಸ್ವಲ್ಪ ದೂರ ಹೋದ ಮೇಲೆ ಒಮ್ಮೆ ನಿಲ್ಲಿಸಿ ಪಟ್ಟಿಗಳನ್ನು ಮತ್ತೆ ಮುಟ್ಟಿ ನೋಡುತ್ತಾರಂತೆ.

ಹಣ ಕೊಡುವಾಗ ಯಜಮಾನನ ಎಡಗೈಯನ್ನು ನೋಡಿದೆ. ತೋರುಬೆರಳಿಗೆ ತುದಿಯ ಗೆಣ್ಣು ಇರಲಿಲ್ಲ. ನನ್ನ ನೋಟವನ್ನು ಗಮನಿಸಿದ ಆತ, "ಹಳೆಯದು ಸಾರ್. ಅವಸರದ ದಿನ" ಎಂದಷ್ಟೇ ಹೇಳಿ ಲಾರಿ ಹತ್ತಿದ. ಗಂಟೆಯ ಲೆಕ್ಕದಲ್ಲಿ ಅವನು ಹಣ ಕೇಳಲಿಲ್ಲ. ಮೊದಲು ಒಪ್ಪಿದ್ದಷ್ಟೇ ತೆಗೆದುಕೊಂಡ.

ಆ ರಾತ್ರಿ ನಿದ್ರೆ ಬರಲಿಲ್ಲ. ಆತ ಹಾಕೆಂದ ಲೆಕ್ಕವನ್ನು ಹಾಕಿದೆ. ಕಾರಿನ ತೂಕ 1400 ಕಿಲೋ. 8 ಡಿಗ್ರಿಯ ಇಳಿಜಾರಿನಲ್ಲಿ, ಚಕ್ರಗಳು ಸಡಿಲವಾಗಿರುವಾಗ, ಅದು ಹಿಂದಕ್ಕೆ ಜಗ್ಗುವ ಬಲ ಸುಮಾರು 195 ಕಿಲೋ ಭಾರಕ್ಕೆ ಸಮ. ಅಷ್ಟನ್ನೂ ತಡೆದು ನಿಂತಿದ್ದದ್ದು ಹೆಬ್ಬೆರಳಿಗಿಂತ ಸಣ್ಣ ಒಂದು ಹಗ್ಗ ಮತ್ತು ಎಡಕ್ಕೆ ತಿರುಗುವ ಒಂದು ತಿರುಪು. ಎದುರಿಗೆ ಎಂಟು ವರ್ಷದ ಎರಡು ಅಂಗೈ. ಈ ಸೂತ್ರವನ್ನು ನಾನು ಎಷ್ಟು ಸಾವಿರ ಸಲ ಕರಿಹಲಗೆಯ ಮೇಲೆ ಬರೆದಿದ್ದೇನೋ! ಆ ದಿನ ಬೀದಿಯಲ್ಲಿ ನಿಂತು ಬಾಯಿಬಿಟ್ಟು ಹೇಳಿದ್ದು ಕೂಡ ಇಳಿಜಾರಿನ ಲೆಕ್ಕವನ್ನೇ. ಆದರೆ ನಾನು ಗುಣಿಸಿದ್ದು 11 ಸೆಂಟಿಮೀಟರು ಮೂತಿಯನ್ನು. ನನ್ನ ವಶಕ್ಕೆ ಇಬ್ಬರು ಎರಡು ಒಡವೆಗಳನ್ನು ಒಪ್ಪಿಸಿದ್ದರು: ಅಳಿಯ ಕಾರನ್ನು, ಮಗ ಸೊಸೆ ಮಗುವನ್ನು. ನಾನು ಮಂಡಿಯೂರಿ ಕಾದದ್ದು ಒಂದನ್ನು ಮಾತ್ರ.

ಮನಸ್ಸನ್ನು ಬೇರೆಡೆಗೆ ತಿರುಗಿಸಲು ಈ ಲಾರಿಗಳ ಹುಟ್ಟನ್ನು ಕುರಿತು ಓದತೊಡಗಿದೆ. ಅಮೆರಿಕದ ಟೆನೆಸ್ಸಿ ಸಂಸ್ಥಾನದ ಚಾಟನೂಗ ಎಂಬ ಊರಿನಲ್ಲಿ ಎರ್ನೆಸ್ಟ್ ಹೋಮ್ಸ್ ಎಂಬಾತ 1916ರಲ್ಲಿ ಮೊದಲ ಇಂಥ ವಾಹನವನ್ನು ಕಟ್ಟಿದನಂತೆ. ಹಳ್ಳಕ್ಕೆ ಮಗುಚಿದ ಸ್ನೇಹಿತನ ಕಾರನ್ನು ಹಗ್ಗ, ದಿಮ್ಮಿಗಳಿಂದ ಮೇಲೆತ್ತಲು ಹಲವು ಜನ ಗಂಟೆಗಟ್ಟಲೆ ಹೆಣಗಿದ್ದನ್ನು ಕಂಡ ಮೇಲೆ, 1913ರ ಒಂದು ಕ್ಯಾಡಿಲಾಕ್ ಕಾರಿಗೆ ಮೂರು ಕಂಬ, ಒಂದು ರಾಟೆ, ಒಂದು ಸರಪಳಿ ಜೋಡಿಸಿದ. ಆ ಊರಿನಲ್ಲಿ ಈಗ ಈ ವೃತ್ತಿಯ ವಸ್ತುಸಂಗ್ರಹಾಲಯವಿದೆ. ಅದರ ಬಳಿ ಒಂದು ಸ್ಮಾರಕವೂ ಇದೆ: ಕೆಟ್ಟು ನಿಂತ ಪರರ ವಾಹನಗಳನ್ನು ರಸ್ತೆಬದಿಯಲ್ಲಿ ಎತ್ತುವ ಕೆಲಸದಲ್ಲಿ ಪ್ರಾಣ ತೆತ್ತವರ ಹೆಸರುಗಳನ್ನು ಕೆತ್ತಿದ ಗೋಡೆ. ಇಂಥ ಗೋಡೆಯೊಂದು ಬೇಕಾಯಿತೆಂಬುದನ್ನು ಓದಿದಾಗ, ಗೆಣ್ಣಿಲ್ಲದ ಆ ತೋರುಬೆರಳು ಕಣ್ಣಮುಂದೆ ಬಂತು. ಮನಸ್ಸು ಬೇರೆಡೆಗೆ ತಿರುಗಲಿಲ್ಲ.

ಬೆಳಗ್ಗೆ ಅಳಿಯನ ಫೋನು ಬಂತು. "ಮಾವ, ಗೀರು ಬಿತ್ತೇ?"

"ಇಲ್ಲಪ್ಪ, ಬೀಳಲಿಲ್ಲ" ಎಂದೆ. ಒಂದು ಕ್ಷಣ ಅಷ್ಟಕ್ಕೇ ಮುಗಿಸೋಣವೆನ್ನಿಸಿತು. ಆಮೇಲೆ ನಡೆದದ್ದನ್ನೆಲ್ಲ ಹೇಳಿದೆ. ಅತ್ತ ಬಹಳ ಹೊತ್ತು ಮಾತಿಲ್ಲ. "ನಾನು ಮೂತಿಯ ಮಾತು ಅಷ್ಟು ಒತ್ತಿ ಹೇಳಬಾರದಾಗಿತ್ತು, ಮಾವ" ಎಂದ ಕೊನೆಗೆ. ಮಗನಿಗೂ ಸೊಸೆಗೂ ಅಂದೇ ಸಂಜೆ ಹೇಳಿದೆ. ಅವರು ನನ್ನನ್ನು ಏನೂ ಅನ್ನಲಿಲ್ಲ, ಅಂದಿದ್ದರೆ ಹಗುರವಾಗುತ್ತಿತ್ತೇನೋ.

ಮೊನ್ನೆ ಮಧ್ಯಾಹ್ನ ನಡುಮನೆಯಲ್ಲಿ ಸದ್ದಾಯಿತೆಂದು ಇಣುಕಿ ನೋಡಿದೆ. ಮೊಮ್ಮಗ ನನ್ನ ಹಳೆಯ ಭೌತಶಾಸ್ತ್ರದ ಪುಸ್ತಕವನ್ನು ಓರೆಯಾಗಿಟ್ಟು, ಅದರ ಕೆಳತುದಿಗೆ ಎರಡು ಅಡಿಕೋಲುಗಳನ್ನು ಹಲಗೆಯಂತೆ ಜೋಡಿಸಿ, ದಾರ ಕಟ್ಟಿದ ಪುಟ್ಟ ಕಾರನ್ನು ಮೇಲಕ್ಕೆ ಎಳೆಯುತ್ತಿದ್ದ. ದಾರದ ಮೇಲೆ ಕೈಚೌಕ ಹೊದಿಸಿದ್ದ. ನಾನು ಹತ್ತಿರ ಹೋಗಿ ಬಗ್ಗಿದೆ.

"ತಾತ, ಹಿಂದೆ ನಿಲ್ಲಬೇಡ" ಎಂದ. "ಜಗಲಿಯ ಮೇಲೆ ಕೂತುಕೋ. ಅಲ್ಲಿಂದ ಚೆನ್ನಾಗಿ ಕಾಣುತ್ತದೆ."

ಹೋಗಿ ಕೂತುಕೊಂಡೆ.